ಬೆಳವಣಿಗೆ ಮುಗಿದ ಮೇಲೆ ಹಲ್ಲಿನ ಕಚ್ಚು: ಪ್ರಾಪ್ತವಯಸ್ಕರ ವಕ್ರದಂತ ಚಿಕಿತ್ಸೆ

ಹಲ್ಲಿನ ಸಾಲು ವಕ್ರವಾಗಿದ್ದರೆ ಅದನ್ನು ತಿದ್ದುವ ಕೆಲಸ ಹದಿನಾಲ್ಕು ಹದಿನೈದು ವರ್ಷದೊಳಗೇ ನಡೆಯಬೇಕು, ಆಮೇಲೆ ಏನು ಮಾಡಿದರೂ ಫಲವಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆಯೂರಿದೆ. ಮೂವತ್ತೈದು ನಲವತ್ತು ದಾಟಿದವರು ದಂತವೈದ್ಯರೆದುರು ಕುಳಿತು, ‘ಇನ್ನು ಈ ವಯಸ್ಸಿನಲ್ಲಿ ಆಗುವುದುಂಟೆ?’ ಎಂದು ಸಂಕೋಚದಿಂದ ಕೇಳುವುದನ್ನು ನಾವು ಇಂದಿಗೂ ಕಾಣುತ್ತೇವೆ. ಈಚಿನ ವರ್ಷಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಮಾತು ಜಾಹೀರಾತುಗಳ ಮೂಲಕ ಹರಡಿದೆ: ವಯಸ್ಸು ಎಷ್ಟಾದರೂ ಸರಿಯೆ, ಕಣ್ಣಿಗೆ ಕಾಣದ ಸಾಧನವೊಂದನ್ನು ಕೆಲವು ತಿಂಗಳು ಧರಿಸಿದರೆ ಎಲ್ಲವೂ ನೇರವಾಗುವುದೆಂದು. ಮೊದಲನೆಯ ಮಾತನ್ನು ನಂಬಿ ಚಿಕಿತ್ಸೆಗೆ ಯೋಗ್ಯರಾದ ಅನೇಕರು ಅದರಿಂದ ದೂರ ಉಳಿಯುತ್ತಾರೆ. ಎರಡನೆಯದನ್ನು ನಂಬಿದವರಲ್ಲಿ, ಮೊದಲು ಒಸಡಿನ ಉಪಚಾರ ಬೇಕಾಗಿದ್ದ ಕೆಲವರು ಇದ್ದ ಹಲ್ಲನ್ನೂ ಸಡಿಲಮಾಡಿಕೊಳ್ಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯದ ಒಂದೊಂದು ಅಂಶ ಉಂಟು. ಬೆಳವಣಿಗೆ ನಿಂತ ಮೇಲೆ ದೇಹದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ತಿಳಿದರೆ ಆ ಅಂಶಗಳು ತಾವಾಗಿಯೇ ಬೇರೆಯಾಗುವುವು.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಬಾಯಿ ಮುಚ್ಚಿ ಹಲ್ಲುಗಳನ್ನು ಒತ್ತಿದಾಗ ಮೇಲಿನ ಸಾಲೂ ಕೆಳಗಿನ ಸಾಲೂ ಒಂದನ್ನೊಂದು ಕೂಡುವ ಬಗೆಯನ್ನು ಇಲ್ಲಿ ‘ಕಚ್ಚು’ ಎಂದು ಕರೆಯುತ್ತೇವೆ. ಕನ್ನಡಿಯಲ್ಲಿ ಜನ ನೋಡಿಕೊಳ್ಳುವುದು ಮುಂದಿನ ಆರು ಹಲ್ಲುಗಳ ಸಾಲನ್ನು. ಅನ್ನವನ್ನು ಅಗಿಯುವುದು ಕಚ್ಚು. ಸಾಲು ಅಂದವಾಗಿದ್ದು ಕಚ್ಚು ಕೆಟ್ಟಿರುವುದೂ ಉಂಟು, ಸಾಲು ಸೊಟ್ಟಗಿದ್ದು ಕಚ್ಚು ನೆಟ್ಟಗಿರುವುದೂ ಉಂಟು. ಸಹಜವಾದ ಕಚ್ಚಿನಲ್ಲಿ, ಡಬ್ಬಿಯ ಮೇಲೆ ಮುಚ್ಚಳ ಕೂಡುವಂತೆ, ಮೇಲಿನ ಸಾಲು ಕೆಳಗಿನದನ್ನು ಸುತ್ತಲೂ ಹೊರಗಿನಿಂದ ಸ್ವಲ್ಪ ಆವರಿಸಿರುತ್ತದೆ. ಮೇಲಿನ ಬಾಚಿಹಲ್ಲುಗಳು ಕೆಳಗಿನವಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುತ್ತವೆ. ಈ ಅಂತರ ಹೆಚ್ಚಿದರೆ ಮುಂಚಾಚು. ಹಳ್ಳಿಗರು ಕನಿಕರವಿಲ್ಲದೆ ‘ಹಲ್ಲುಬ್ಬ’ ಎನ್ನುವುದು ಇಂಥವನನ್ನೇ. ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿಯಾಗಿ ಮುಚ್ಚಿದರೆ ಆಳಕಚ್ಚು. ಹಿಂದಿನ ಹಲ್ಲುಗಳು ಕೂಡಿದರೂ ಮುಂದೆ ಕಂಡಿ ಉಳಿದರೆ ತೆರೆಕಚ್ಚು. ಮುಚ್ಚಳ ಒಂದು ಕಡೆ ಡಬ್ಬಿಯ ಒಳಗೆ ಜಾರಿದಂತೆ ಮೇಲಿನ ಹಲ್ಲು ಕೆಳಗಿನದರ ಒಳಗಡೆ ಬಿದ್ದರೆ ಅಡ್ಡಕಚ್ಚು.

ಈ ನಾನಾ ವಿಕಾರಗಳನ್ನು ಕ್ರಮಕ್ಕೆ ತಂದವನು ಅಮೆರಿಕದ ಎಡ್ವರ್ಡ್ ಆಂಗಲ್. ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಮೊದಲನೆಯ ದವಡೆಹಲ್ಲನ್ನು ಆಧಾರವಾಗಿಟ್ಟುಕೊಂಡು ಆತ ೧೮೯೯ರಲ್ಲಿ ಮೂರು ವರ್ಗಗಳನ್ನು ಹೇಳಿದ. ದವಡೆಹಲ್ಲುಗಳ ಕೂಟ ಸರಿಯಾಗಿದ್ದು ಉಳಿದವು ವಕ್ರವಾಗಿದ್ದರೆ ಮೊದಲನೆಯದು. ಕೆಳಗಿನ ಸಾಲು ಹಿಂದೆ ಬಿದ್ದರೆ ಎರಡನೆಯದು. ಮುಂದೆ ಬಂದರೆ ಮೂರನೆಯದು. ಈ ವಿಭಾಗ ಇಂದಿಗೂ ಬಳಕೆಯಲ್ಲಿದೆ. ಆದರೆ ಇದರಲ್ಲಿ ಒಂದು ಕೊರತೆ ಇತ್ತು. ಆಂಗಲ್ ನೋಡಿದ್ದು ಹಲ್ಲನ್ನು, ಹಲ್ಲು ನಿಂತ ಎಲುಬನ್ನಲ್ಲ. ಕೆಳಸಾಲು ಹಿಂದಿರುವುದು ಹಲ್ಲುಗಳೇ ಹಿಂದೆ ವಾಲಿದ್ದರಿಂದಲೋ, ಕೆಳದವಡೆಯೇ ಚಿಕ್ಕದಾಗಿ ಬೆಳೆದದ್ದರಿಂದಲೋ ಎಂಬುದು ಅಚ್ಚಿನ ಮಾದರಿಯಿಂದ ತಿಳಿಯದು. ೧೯೩೧ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾಟ್ ಬೇರೆಬೇರೆಯಾಗಿ ತಲೆಯನ್ನು ನಿಶ್ಚಿತ ಸ್ಥಾನದಲ್ಲಿ ಹಿಡಿದು ಪಾರ್ಶ್ವದಿಂದ ಕ್ಷಕಿರಣ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ ಮೇಲೆಯೇ ಎಲುಬಿನ ದೋಷವನ್ನೂ ಹಲ್ಲಿನ ದೋಷವನ್ನೂ ಬೇರ್ಪಡಿಸಿ ಅಳೆಯುವುದು ಸಾಧ್ಯವಾಯಿತು. ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಈ ಚಿತ್ರಗಳನ್ನು ಅಳೆಯಲು ಬಳಕೆಗೆ ಬಂದ ಮೊದಲ ಮಾನಗಳು, ಉದಾಹರಣೆಗೆ ಡೌನ್ಸ್ ೧೯೪೮ರಲ್ಲಿ ಕೊಟ್ಟವು, ಅಮೆರಿಕದ ಬಿಳಿಯ ಕಿಶೋರರ ಮುಖಗಳಿಂದ ಬಂದವು. ದಕ್ಷಿಣಭಾರತದವರ ಹಲ್ಲು ತುಟಿಗಳು ಸಹಜವಾಗಿಯೇ ತುಸು ಮುಂದಿರುವುವು. ಆ ಮಾನವನ್ನು ಹಾಗೆಯೇ ತಂದು ನಮ್ಮ ಮುಖಗಳಿಗೆ ಹಿಡಿದರೆ ಆರೋಗ್ಯವಂತನೂ ರೋಗಿಯಾಗುತ್ತಾನೆ.

ಹಾಗಾದರೆ ಕಚ್ಚು ಸಹಜದಿಂದ ಸರಿದಿರುವ ಪ್ರತಿಯೊಬ್ಬರಿಗೂ ಚಿಕಿತ್ಸೆ ಬೇಕೆ? ಬೇಡವೆಂಬುದೇ ನಮ್ಮ ಅಭಿಪ್ರಾಯ. ಎಷ್ಟೋ ಮಂದಿ ವಕ್ರವಾದ ಕಚ್ಚಿನಿಂದಲೇ ಎಂಬತ್ತು ವರ್ಷ ಸುಖವಾಗಿ ಉಂಡಿದ್ದಾರೆ. ಆಳಕಚ್ಚಿನಲ್ಲಿ ಕೆಳಬಾಚಿಗಳು ಅಂಗುಳದ ಒಸಡನ್ನು ತಿವಿದು ಹುಣ್ಣು ಮಾಡುತ್ತಿದ್ದರೆ, ಅಡ್ಡಕಚ್ಚಿನಿಂದ ಒಂದು ಹಲ್ಲು ಸವೆದು ಅದರ ಒಸಡು ಇಳಿಯುತ್ತಿದ್ದರೆ, ತೆರೆಕಚ್ಚಿನಿಂದ ರೊಟ್ಟಿಯ ತುಂಡನ್ನೂ ಮುಂದಿನ ಹಲ್ಲಿನಲ್ಲಿ ಕಡಿಯಲಾಗದಿದ್ದರೆ, ಅಲ್ಲಿ ಚಿಕಿತ್ಸೆಗೆ ದೃಢವಾದ ಕಾರಣ ಇದೆ. ತನ್ನ ಮುಖವನ್ನು ಕುರಿತು ಒಬ್ಬ ವ್ಯಕ್ತಿ ಪಡುವ ಸಂಕೋಚವೂ ಕಾರಣವೇ. ಅದನ್ನು ಹುಡುಗಾಟವೆಂದು ತಳ್ಳಿಹಾಕುವುದು ವೈದ್ಯನ ಕೆಲಸವಲ್ಲ. ಆದರೆ ಕಿವಿಯ ಮುಂದಿನ ದವಡೆಯ ಕೀಲಿನ ನೋವು, ತಲೆನೋವು ಇವು ಕಚ್ಚನ್ನು ತಿದ್ದಿದರೆ ಹೋಗುವುವೆಂದು ಮಾತು ಕೊಡುವುದು ತಪ್ಪು. ೧೯೮೭ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ವಕ್ರದಂತ ಚಿಕಿತ್ಸೆಯಿಂದಲೇ ಕೀಲುನೋವು ಬಂತೆಂದು ರೋಗಿಯೊಬ್ಬರು ಹೂಡಿದ ದಾವೆ ಅವರ ಪರವಾಗಿ ತೀರ್ಮಾನವಾಯಿತು. ಅದರಿಂದ ಎಚ್ಚೆತ್ತು ನಡೆದ ಸಂಶೋಧನೆಗಳ ಒಟ್ಟು ಫಲಿತಾಂಶವೆಂದರೆ, ಈ ಚಿಕಿತ್ಸೆ ಕೀಲುನೋವನ್ನು ತರುವುದೂ ಇಲ್ಲ, ನಂಬಿಕೆಯಿಟ್ಟು ಕಾಯುವಷ್ಟರಮಟ್ಟಿಗೆ ಕಳೆಯುವುದೂ ಇಲ್ಲ.

ಇನ್ನು ಹಲ್ಲು ಚಲಿಸುವ ಬಗೆ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಎಲುಬಿನಲ್ಲಿ ಬಿಗಿದು ಕೂತಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ತಂತುಪೊರೆಯೊಂದಿದೆ. ಅದರಲ್ಲಿ ನಾರುಗಳು, ರಕ್ತನಾಳಗಳು, ನರಗಳು, ಜೀವಕೋಶಗಳು ತುಂಬಿವೆ. ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆ ಎಲುಬನ್ನು ಕರಗಿಸುವ ಕೋಶಗಳು ಕೆಲಸಕ್ಕೆ ತೊಡಗುತ್ತವೆ, ಎಳೆತ ಬಿದ್ದ ಕಡೆ ಎಲುಬನ್ನು ಕಟ್ಟುವ ಕೋಶಗಳು. ಹೀಗೆ ಗೂಡೇ ಮುಂದೆ ಸಾಗುತ್ತದೆ, ಹಲ್ಲು ಗೂಡಿನೊಡನೆ ಸಾಗುತ್ತದೆ. ಸ್ವೀಡನ್ನಿನ ಸ್ಯಾಂಡ್‌ಸ್ಟೆಟ್ ೧೯೦೪ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗದಿಂದ ಇದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಬಲವನ್ನು ಹೆಚ್ಚಿಸಿದಷ್ಟೂ ಹಲ್ಲು ಬೇಗ ಓಡುವುದೆಂದು ಎಣಿಸಬಾರದು. ಬಲ ಮಿತಿಮೀರಿದರೆ ಪೊರೆಯೊಳಗಿನ ಲೋಮನಾಳಗಳು ಹಿಚುಕಿ ರಕ್ತಸಂಚಾರ ನಿಲ್ಲುತ್ತದೆ. ಆ ಭಾಗದ ಕೋಶಗಳು ಸಾಯುತ್ತವೆ. ಹಲ್ಲು ಅಲ್ಲಿಯೇ ತಡೆದು ನಿಲ್ಲುತ್ತದೆ. ಸತ್ತ ಭಾಗವನ್ನು ಹಿಂಬದಿಯ ಎಲುಬಿನಿಂದ ಬಂದ ಕೋಶಗಳು ತೆರವು ಮಾಡಿದ ಮೇಲೆಯೇ ಮತ್ತೆ ಚಲನೆ. ಆದುದರಿಂದಲೇ ಶ್ವಾರ್ಟ್ಸ್ ೧೯೩೨ರಲ್ಲಿ ಬೇರಿನ ಒಂದು ಚದರ ಸೆಂಟಿಮೀಟರಿಗೆ ೨೦ರಿಂದ ೨೬ ಗ್ರಾಂ ಬಲ ಸಾಕೆಂದು ಸೂಚಿಸಿದ. ಹಲ್ಲನ್ನು ವಾಲಿಸುವುದಕ್ಕೆ ಐವತ್ತು ಗ್ರಾಮಿನ ಸುಮಾರು, ಬೇರುಸಮೇತ ನೇರವಾಗಿ ಸರಿಸುವುದಕ್ಕೆ ನೂರು ಗ್ರಾಮಿನ ಸುಮಾರು, ಎಲುಬಿನೊಳಕ್ಕೆ ತಳ್ಳುವುದಕ್ಕೆ ಹತ್ತಿಪ್ಪತ್ತು ಗ್ರಾಂ ಮಾತ್ರ: ಇವು ಇಂದು ಅಂಗೀಕೃತವಾದ ಅಳತೆಗಳು. ಹೀಗೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ದಾರಿ ಸಾಗುತ್ತದೆ.

ನಮ್ಮ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇಲ್ಲಿಯೇ ಇದೆ. ಎಲುಬು ಕರಗುವ, ಕಟ್ಟುವ ಈ ವ್ಯಾಪಾರ ಬೆಳವಣಿಗೆಯೊಡನೆ ನಿಲ್ಲುವುದಿಲ್ಲ. ಮುರಿದ ಕೈ ಅರವತ್ತರಲ್ಲಿಯೂ ಕೂಡಿಕೊಳ್ಳುವುದಿಲ್ಲವೆ? ವಯಸ್ಕರಲ್ಲಿ ಕೋಶಗಳು ಎಚ್ಚರಗೊಳ್ಳಲು ಹೆಚ್ಚು ದಿನ ಬೇಕು, ಆರಂಭ ನಿಧಾನ; ಒಮ್ಮೆ ಚಲನೆ ತೊಡಗಿದರೆ ಅದು ಮಕ್ಕಳಲ್ಲಿ ಆದಂತೆಯೇ ಆಗುತ್ತದೆ. ವಯಸ್ಸೊಂದೇ ಹಲ್ಲಿನ ಚಲನೆಗೆ ಅಡ್ಡಿಯಲ್ಲ.

ಅಡ್ಡಿಯಾಗುವುದು ಬೇರೊಂದು, ಅದು ಒಸಡಿನ ರೋಗ. ಹಲ್ಲಿನ ಸುತ್ತಲಿನ ಎಲುಬು ಸೋಂಕಿನಿಂದ ಕರಗುತ್ತಿರುವಾಗ ಹಲ್ಲಿನ ಮೇಲೆ ಬಲ ಹೇರಿದರೆ ಕರಗುವಿಕೆ ತೀವ್ರವಾಗುವುದು, ಕಟ್ಟುವಿಕೆ ಹಿಂದೆ ಬೀಳುವುದು. ಅದೇ ಎಲುಬು ತಗ್ಗಿದ್ದರೂ ಊತವೂ ಕೀವೂ ಇಲ್ಲದೆ ಶುದ್ಧವಾಗಿದ್ದರೆ, ಉಳಿದ ಎಲುಬಿನಲ್ಲಿಯೇ ಹಲ್ಲನ್ನು ಸುರಕ್ಷಿತವಾಗಿ ಸರಿಸಬಹುದು. ಈ ಭೇದವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು: ಎಷ್ಟು ಎಲುಬು ಹೋಗಿದೆ ಎಂಬುದಕ್ಕಿಂತ ರೋಗ ಇನ್ನೂ ನಡೆಯುತ್ತಿದೆಯೆ, ನಿಂತಿದೆಯೆ ಎಂಬುದು ಮುಖ್ಯ.

ನಮ್ಮ ನಾಡಿನ ನಡುವಯಸ್ಸಿನವರಲ್ಲಿ ಇದು ದಿನನಿತ್ಯದ ವಿಷಯ. ಇಪ್ಪತ್ತೈದರಲ್ಲಿ ನೆಟ್ಟಗಿದ್ದ ಮೇಲಿನ ಬಾಚಿಹಲ್ಲುಗಳು ನಲವತ್ತೈದರ ಹೊತ್ತಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು ನಡುವೆ ಸಂದಿ ಬಿದ್ದಿರುವವರು ಎಷ್ಟೋ ಮಂದಿ. ಅವರು ಕೇಳುವುದು ಸಂದಿ ಮುಚ್ಚಿಸಿಕೊಡಿ ಎಂದು. ಆದರೆ ಹಲ್ಲು ಮುಂದೆ ಬಂದದ್ದು ಎಲುಬು ತಗ್ಗಿ, ಆಧಾರ ಸಾಲದೆ, ನಾಲಗೆಯ ಒತ್ತಡಕ್ಕೂ ಕಚ್ಚಿನ ಬಲಕ್ಕೂ ಸೋತದ್ದರಿಂದ. ಮೊದಲು ಬೇರಿನ ಮೇಲಿನ ಗಾರೆಯನ್ನು ತೆಗೆದು, ಒಸಡಿನ ಉಪಚಾರ ಮುಗಿಸಿ, ಕೆಲವು ತಿಂಗಳು ಕಾದು, ರಕ್ತ ಒಸರುವುದು ನಿಂತಿದೆಯೆಂದು ನೋಡಿದ ಮೇಲೆ ಬಾಚಿಗಳನ್ನು ಬಹು ಹಗುರವಾದ ಬಲದಿಂದ ಹಿಂದಕ್ಕೂ ಮೇಲಕ್ಕೂ ಸರಿಸಬೇಕು. ಡೆನ್ಮಾರ್ಕಿನ ಬಿರ್ಟೆ ಮೆಲ್ಸೆನ್ ಮತ್ತು ಅವರ ಸಹೋದ್ಯೋಗಿಗಳು ೧೯೮೯ರಲ್ಲಿ ಎಲುಬು ತಗ್ಗಿದ ವಯಸ್ಕರಲ್ಲಿಯೇ ಇದನ್ನು ಮಾಡಿ, ಶುಚಿತ್ವ ಕಾಪಾಡಿದಲ್ಲಿ ಫಲಿತಾಂಶ ಒಳ್ಳೆಯದೆಂದು ತೋರಿಸಿದರು. ಚಿಕಿತ್ಸೆ ನಡೆಯುವಷ್ಟು ಕಾಲವೂ ಮೂರು ತಿಂಗಳಿಗೊಮ್ಮೆ ಒಸಡನ್ನು ಶುಚಿಗೊಳಿಸುತ್ತಿರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಒಸಡಿನ ರೋಗ ರಕ್ತ ಒಸರದೆ ಮರೆಯಲ್ಲಿಯೇ ಬೆಳೆಯುವುದರಿಂದ ಅವರನ್ನು ಇನ್ನೂ ಎಚ್ಚರದಿಂದ ಪರೀಕ್ಷಿಸತಕ್ಕದ್ದು. ಹತೋಟಿಯಲ್ಲಿಲ್ಲದ ಮಧುಮೇಹಕ್ಕೂ ಇದೇ ಮಾತು. ಎಲುಬು ಸವೆಯುವ ಬೇನೆಗೆ ಬಿಸ್‌ಫಾಸ್ಫೊನೇಟ್ ಜಾತಿಯ ಔಷಧವನ್ನು ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಎಲುಬನ್ನು ಕರಗಿಸುವ ಕೋಶಗಳನ್ನು ಕಟ್ಟಿಹಾಕುವುದೇ ಆ ಔಷಧದ ಗುಣ, ಆ ಕೋಶಗಳಿಲ್ಲದೆ ಹಲ್ಲು ಕದಲದು. ಅಡಿಕೆ ಗುಟ್ಕಾಗಳನ್ನು ವರ್ಷಗಟ್ಟಲೆ ಅಗಿದು ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿಗೆ ಹಿಂದಿನ ಹಲ್ಲುಗಳಿಗೆ ಸಾಧನ ಕೂರಿಸುವುದೇ ಕಷ್ಟ. ಅಲ್ಲದೆ ಅವರ ಬಾಯಲ್ಲಿ ಕಚ್ಚಿಗಿಂತ ಮೊದಲು ನೋಡಬೇಕಾದದ್ದು ಅರ್ಬುದದ ಸೂಚನೆಗಳನ್ನು.

ವಯಸ್ಕರಲ್ಲಿಯೇ ಕಂಡುಬರುವ ಇನ್ನೊಂದು ಸ್ಥಿತಿ ಉಂಟು. ಕೆಳಗಿನ ಮೊದಲನೆಯ ದವಡೆಹಲ್ಲು ಹುಳುಕಾಗಿ ಎಳೆವಯಸ್ಸಿನಲ್ಲಿಯೇ ಹೋಗಿರುತ್ತದೆ. ಅದರ ಹಿಂದಿನದು ತೆರವಿನೊಳಕ್ಕೆ ವಾಲುತ್ತದೆ, ಎದುರಿನ ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ, ಕಚ್ಚು ಆ ಪಕ್ಕ ಬೀಗ ಹಾಕಿದಂತಾಗುತ್ತದೆ. ಬಾಯಿ ತುಂಬ ತಂತಿ ಕಟ್ಟದೆ, ಆ ಒಂದು ಹಲ್ಲನ್ನು ಆರೆಂಟು ತಿಂಗಳಲ್ಲಿ ನೇರ ನಿಲ್ಲಿಸಿ ಆಮೇಲೆ ಕೃತಕ ಹಲ್ಲನ್ನು ಕೂರಿಸುವುದು ಸಣ್ಣ ಕೆಲಸವಾದರೂ ಇದರಿಂದ ದೊರೆಯುವ ಉಪಕಾರ ದೊಡ್ಡದು. ಇಲ್ಲಿ ಕ್ರಮ ತಪ್ಪಬಾರದು. ಎಲುಬಿಗೆ ಕೂಡಿಸಿದ ಟೈಟೇನಿಯಮಿನ ಕೃತಕ ಬೇರಿಗೆ ತಂತುಪೊರೆ ಇಲ್ಲ; ಅದು ಒಮ್ಮೆ ಕೂತರೆ ಮತ್ತೆ ಸರಿಯದು. ಆದುದರಿಂದ ಹಲ್ಲುಗಳನ್ನು ಸರಿಸುವ ಕೆಲಸ ಮೊದಲು, ಕೃತಕ ಬೇರು ಆಮೇಲೆ.

ಈಗ ಉತ್ತರದ ಎರಡನೆಯ ಅರ್ಧಕ್ಕೆ ಬರೋಣ. ಹಲ್ಲು ಯಾವ ವಯಸ್ಸಿನಲ್ಲಾದರೂ ಸರಿಯಬಲ್ಲುದು, ದವಡೆ ಬೆಳೆಯಲಾರದು. ಹನ್ನೆರಡು ವರ್ಷದ ಮಗುವಿನ ಕೆಳದವಡೆ ಹಿಂದಿದ್ದರೆ ಮುಂಬರುವ ಬೆಳವಣಿಗೆಯನ್ನು ಸಾಧನಗಳಿಂದ ಅಷ್ಟಿಷ್ಟು ಉಪಯೋಗಿಸಿಕೊಳ್ಳಬಹುದು. ಅಂಗುಳ ಇಕ್ಕಟ್ಟಾಗಿದ್ದರೆ ನಡುಗೆರೆಯಲ್ಲಿ ಇನ್ನೂ ಪೂರ್ತಿ ಬೆಸೆಯದ ಎರಡು ಎಲುಬುಗಳನ್ನು ತಿರುಪಿನಿಂದ ಅಗಲಿಸಬಹುದು. ಈ ಉಪಾಯವನ್ನು ಸ್ಯಾನ್ ಫ್ರಾನ್ಸಿಸ್ಕೋದ ಏಂಜಲ್ ಎಂಬಾತ ೧೮೬೦ರಲ್ಲಿಯೇ ವರದಿ ಮಾಡಿದ್ದ. ಮೇಲೆ ಹೇಳಿದ ಆಂಗಲ್ ಬೇರೆ, ಈತ ಬೇರೆ. ಹದಿವಯಸ್ಸು ಕಳೆದಂತೆ ಆ ನಡುಗೆರೆ ಹಲ್ಲುಹಲ್ಲಾಗಿ ಹೆಣೆದುಕೊಂಡು ಕೊನೆಗೆ ಬೆಸೆಯುತ್ತದೆ. ಬೆಸೆಯುವ ವಯಸ್ಸು ಎಲ್ಲರಲ್ಲಿಯೂ ಒಂದೇ ಅಲ್ಲ. ಅದು ಬೆಸೆದ ಮೇಲೆ ಬರಿಯ ತಿರುಪನ್ನು ಹಲ್ಲಿಗೆ ಕಟ್ಟಿ ತಿರುಗಿಸಿದರೆ ಎಲುಬು ಅಗಲದೆ ಹಲ್ಲುಗಳು ಕೆನ್ನೆಯ ಕಡೆಗೆ ಬಾಗುತ್ತವೆ, ಒಸಡು ಇಳಿಯುತ್ತದೆ. ಇಂಥವರಿಗೆ ಶಸ್ತ್ರದಿಂದ ಗೆರೆಯನ್ನು ಬಿಡಿಸುವುದುಂಟು. ಅಂಗುಳದ ಎಲುಬಿಗೇ ತಿರುಪುಗಳನ್ನು ಊರಿ ಅಗಲಿಸುವ ವಿಧಾನ ಕಳೆದ ಎರಡು ದಶಕಗಳಿಂದ ಬಳಕೆಗೆ ಬಂದು ಯುವಕರಲ್ಲಿ ಸಾಕಷ್ಟು ಸಫಲವಾಗಿದೆ.

ಹೀಗಿರುವಲ್ಲಿ, ದವಡೆಗಳ ಅಳತೆಯೇ ಹೊಂದದ ವಯಸ್ಕನ ಮುಂದೆ ಮೂರು ದಾರಿಗಳಿವೆ. ಇದ್ದಂತೆಯೇ ಇರುವುದು ಒಂದು. ಎಲುಬನ್ನು ಇದ್ದಲ್ಲಿಯೇ ಬಿಟ್ಟು ಅದರ ದೋಷ ಮರೆಯಾಗುವಂತೆ ಹಲ್ಲುಗಳನ್ನು ಸರಿಸುವುದು ಎರಡನೆಯದು. ಎಲುಬನ್ನೇ ಕೊಯ್ದು ಸರಿಸುವುದು ಮೂರನೆಯದು. ಎರಡನೆಯದಕ್ಕೆ ಮರೆಮಾಚುವ ಚಿಕಿತ್ಸೆ ಎನ್ನುತ್ತಾರೆ. ಹೆಸರು ಕೇಳಿ ಇದನ್ನು ಕೀಳೆಂದು ಎಣಿಸಬೇಕಾಗಿಲ್ಲ.

ಮರೆಮಾಚುವ ಚಿಕಿತ್ಸೆಗೆ ಜಾಗ ಬೇಕು. ಜಾಗಕ್ಕಾಗಿ ಹೆಚ್ಚಾಗಿ ಮುಂದವಡೆ ಹಲ್ಲುಗಳನ್ನು ಕೀಳಬೇಕಾಗುತ್ತದೆ. ರೋಗಮುಕ್ತವಾದ ಹಲ್ಲನ್ನು ಕೀಳುವುದೆಂದರೆ ಯಾರಿಗಾದರೂ ಮನಸ್ಸು ಹಿಂಜರಿಯುವುದು ಸಹಜ. ಈ ವಿಷಯದಲ್ಲಿ ವೈದ್ಯರೇ ಅರ್ಧ ಶತಮಾನ ಜಗಳವಾಡಿದ್ದಾರೆ. ಮೂವತ್ತೆರಡು ಹಲ್ಲುಗಳಿಗೂ ಸ್ಥಳ ಮಾಡಿಕೊಡಬಹುದು, ಕೀಳಲೇಕೂಡದು ಎಂಬುದು ಆಂಗಲ್‌ನ ಸಿದ್ಧಾಂತ. ಅವನ ಶಿಷ್ಯನಾದ ಚಾರ್ಲ್ಸ್ ಟ್ವೀಡ್ ಗುರುವಿನ ಮಾರ್ಗದಲ್ಲಿಯೇ ನಡೆದು, ತಾನು ಚಿಕಿತ್ಸೆ ಮಾಡಿದವರ ಹಲ್ಲುಗಳು ಮುಂದಕ್ಕೆ ಚಾಚಿ ಮತ್ತೆ ವಕ್ರವಾದುದನ್ನು ಕಂಡು, ಅವರಲ್ಲಿ ಅನೇಕರ ನಾಲ್ಕು ಮುಂದವಡೆಗಳನ್ನು ತೆಗೆಸಿ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಿದ. ಅದೇ ರೋಗಿಗಳ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರಿಂದಲೇ ಕೀಳುವ ಪಕ್ಷ ೧೯೪೦ರ ದಶಕದಲ್ಲಿ ಮೇಲಾಯಿತು. ಈಗ ಎರಡೂ ಪಕ್ಷಗಳ ಆವೇಶ ಇಳಿದಿದೆ. ಬೆಳೆಯುವ ಮಗುವಿನಲ್ಲಿ ಕೀಳದೆ ತೀರಿಸಬಹುದಾದ ಎಷ್ಟೋ ಸಂದರ್ಭಗಳಲ್ಲಿ ವಯಸ್ಕನಿಗೆ ಕೀಳಬೇಕಾಗಿ ಬರುವುದು ನಿಜ. ಜೊತೆಗೆ, ಹಲ್ಲು ತುಟಿ ಎರಡೂ ಮುಂದಿರುವ ನಮ್ಮವರಲ್ಲಿ ಮುಂದವಡೆಗಳನ್ನು ತೆಗೆದು ಬಾಚಿಗಳನ್ನು ಹಿಂದೆಳೆದಾಗ ತುಟಿಗಳು ಪ್ರಯಾಸವಿಲ್ಲದೆ ಮುಚ್ಚಿಕೊಳ್ಳುವುದರಿಂದ ಮುಖಕ್ಕೂ ಅನುಕೂಲವೇ ಆಗುತ್ತದೆ.

ಆದರೆ ಇದಕ್ಕೊಂದು ಎಲ್ಲೆ ಇದೆ. ಬಾಚಿಹಲ್ಲಿನ ಬೇರು ಎರಡು ತೆಳ್ಳನೆಯ ಎಲುಬಿನ ಹಲಗೆಗಳ ನಡುವೆ ನಿಂತಿದೆ. ಆ ಹಲಗೆಯನ್ನು ದಾಟಿಸಿ ಎಳೆದರೆ ಹಲ್ಲು ಮನೆಬಿಟ್ಟಂತೆ. ಉತ್ತರ ಕೆರೊಲೀನದ ಪ್ರಾಫಿಟ್ ಅವರು ಆಕರ್ಮನ್ ಅವರೊಡನೆ ಹಾಕಿಕೊಟ್ಟ ಅಂದಾಜಿನಂತೆ ಮೇಲಿನ ಬಾಚಿಗಳನ್ನು ಬರಿಯ ತಂತಿಯಿಂದ ಹಿಂದಕ್ಕೆ ಎಳೆಯಬಹುದಾದದ್ದು ಹೆಚ್ಚೆಂದರೆ ಏಳು ಮಿಲಿಮೀಟರ್, ಬೆಳವಣಿಗೆಯ ಸಹಾಯವಿದ್ದರೆ ಹನ್ನೆರಡು, ಶಸ್ತ್ರಚಿಕಿತ್ಸೆಯಿಂದ ಹದಿನೈದು. ವಯಸ್ಕನಿಗೆ ನಡುವಣ ಹನ್ನೆರಡು ಇಲ್ಲ. ಅವನಿಗಿರುವುದು ಏಳು, ಇಲ್ಲವೆ ಹದಿನೈದು. ಮುಂಚಾಚು ಹತ್ತು ಮಿಲಿಮೀಟರನ್ನು ಮೀರಿದ, ಗದ್ದವೂ ಹಿಂದಿರುವ ವಯಸ್ಕರಲ್ಲಿ ಹಲ್ಲನ್ನು ಮಾತ್ರ ಸರಿಸಿ ತೃಪ್ತಿಕರವಾದ ಫಲ ಪಡೆಯುವುದು ದುರ್ಲಭ. ಒತ್ತಾಯದಿಂದ ಎಳೆದರೆ ಕಚ್ಚು ಕೂಡಬಹುದು, ಆದರೆ ಮೇಲ್ತುಟಿ ಒಳಸೇರಿ ಮೂಗು ಎದ್ದು ಕಾಣುವುದು, ಬೇರುಗಳು ಮೊಟಕಾಗುವುವು.

ಶಸ್ತ್ರಚಿಕಿತ್ಸೆಯ ಹೆಸರು ಕೇಳಿದೊಡನೆ ಜನ ಬೆದರುತ್ತಾರೆ. ಬೆದರಿಕೆಗೆ ಕಾರಣ ಇಲ್ಲದಿಲ್ಲ, ಆದರೆ ವಿಷಯವನ್ನು ತಿಳಿದು ಬೆದರುವುದು ಒಳ್ಳೆಯದು. ಫ್ರಾನ್ಸಿನ ರೆನೆ ಲೆ ಫೋರ್ ೧೯೦೧ರಲ್ಲಿ ಹೆಣಗಳ ತಲೆಗೆ ಪೆಟ್ಟು ಕೊಟ್ಟು ಮುಖದ ಎಲುಬು ಎಲ್ಲೆಲ್ಲಿ ಬಿರಿಯುತ್ತದೆಂದು ಗುರುತಿಸಿದ. ಅವನು ಹುಡುಕಿದ್ದು ಗಾಯದ ಲಕ್ಷಣವನ್ನು. ಅವನು ಎಳೆದ ಗೆರೆಗಳಲ್ಲಿ ಕೆಳಗಿನದನ್ನೇ ಅನುಸರಿಸಿ ಇಂದು ಶಸ್ತ್ರವೈದ್ಯರು ಮೇಲ್ದವಡೆಯನ್ನು ಬಿಡಿಸುತ್ತಾರೆ. ಕೆಳದವಡೆಯನ್ನು ಎರಡು ಪಕ್ಕಗಳಲ್ಲಿಯೂ ಹಲಗೆಯನ್ನು ಸೀಳಿದಂತೆ ಉದ್ದುದ್ದ ಸೀಳಿ ಹಿಂದುಮುಂದೆ ಜಾರಿಸುವ ಕ್ರಮವನ್ನು ಟ್ರೌನರ್ ಮತ್ತು ಓಬ್ವೆಗೇಸರ್ ೧೯೫೭ರಲ್ಲಿ ಇಂಗ್ಲಿಷ್ ಓದುಗರಿಗೆ ಪರಿಚಯಿಸಿದರು. ಸೀಳಿದ ಎರಡು ಮುಖಗಳು ಜಾರಿದ ಮೇಲೂ ಒಂದರಮೇಲೊಂದು ವಿಸ್ತಾರವಾಗಿ ಕೂಡಿರುವುದರಿಂದ ಎಲುಬು ಚೆನ್ನಾಗಿ ಬೆಸೆಯುತ್ತದೆ. ಇದೇ ಅದರ ಜಾಣ್ಮೆ. ಕೊಯ್ಲು ಬಾಯಿಯ ಒಳಗಿನಿಂದ ನಡೆಯುವುದರಿಂದ ಮುಖದ ಮೇಲೆ ಕಲೆ ಉಳಿಯದು. ಹಿಂದೆ ಆರು ವಾರ ಎರಡು ದವಡೆಗಳನ್ನೂ ತಂತಿಯಿಂದ ಬಿಗಿದಿಡುತ್ತಿದ್ದರು. ಈಗ ಟೈಟೇನಿಯಮಿನ ಸಣ್ಣ ಪಟ್ಟಿಗಳಿಂದ ಎಲುಬನ್ನು ನೇರವಾಗಿ ಹಿಡಿಸುವುದರಿಂದ ಆ ಯಾತನೆ ತಪ್ಪಿದೆ.

ರೋಗಿಗೆ ಮುಂಚಿತವಾಗಿ ಹೇಳಲೇಬೇಕಾದ ಎರಡು ಸಂಗತಿಗಳುಂಟು. ಕೆಟ್ಟ ದವಡೆಗೆ ಹೊಂದಿಕೊಳ್ಳಲೆಂದು ಹಲ್ಲುಗಳು ವರ್ಷಗಳಿಂದ ತಾವೇ ಒಲೆದಿರುತ್ತವೆ. ಶಸ್ತ್ರಕ್ಕೆ ಮುನ್ನ ಒಂದು, ಒಂದೂವರೆ ವರ್ಷ ತಂತಿ ಕಟ್ಟಿ ಆ ಒಲವನ್ನು ತೆಗೆದು ಹಲ್ಲುಗಳನ್ನು ಅವುಗಳ ಎಲುಬಿನ ಮೇಲೆ ನೇರ ನಿಲ್ಲಿಸಬೇಕು. ಆ ಅವಧಿಯಲ್ಲಿ ಕಚ್ಚೂ ಮುಖವೂ ಮೊದಲಿಗಿಂತ ಕೆಡುತ್ತವೆ. ಇದನ್ನು ತಿಳಿಸದಿದ್ದರೆ ರೋಗಿಯೂ ಮನೆಯವರೂ ಕಂಗೆಡುವರು. ಇದನ್ನು ತಪ್ಪಿಸಲು ಆಯ್ದ ಕೆಲವರಲ್ಲಿ ಶಸ್ತ್ರವನ್ನೇ ಮೊದಲು ಮಾಡುವ ಪದ್ಧತಿಯೂ ಬಂದಿದೆ. ಎರಡನೆಯದು, ಕೆಳದವಡೆಯ ಒಳಗೆ ಹಾಯುವ ನರ ಸೀಳಿನ ಪಕ್ಕದಲ್ಲಿಯೇ ಇರುವುದರಿಂದ ಕೆಳತುಟಿಯೂ ಗದ್ದವೂ ಕೆಲವು ತಿಂಗಳು ಜೋಮುಹಿಡಿದಂತಿರುತ್ತವೆ. ಬಹುಮಂದಿಗೆ ಸ್ಪರ್ಶಜ್ಞಾನ ಮರಳುವುದು. ಕೆಲವರಿಗೆ ಪೂರ್ತಿಯಾಗಿ ಮರಳದು. ನಲವತ್ತು ದಾಟಿದವರಲ್ಲಿ ಈ ಸಂಭವ ಹೆಚ್ಚು. ಇಷ್ಟನ್ನು ಕೇಳಿ, ‘ನಾನು ಇದ್ದಂತೆಯೇ ಇರುತ್ತೇನೆ’ ಎಂದು ಹೊರಡುವವರ ತೀರ್ಮಾನವನ್ನು ನಾವು ಗೌರವಿಸಬೇಕು.

ಸಾಧನಗಳ ಮಾತನ್ನು ಬೇಕೆಂದೇ ಕೊನೆಗಿಟ್ಟೆವು. ಯಾವ ಸಾಧನ ಎಂಬ ಪ್ರಶ್ನೆಯನ್ನೇ ಜನ ಮೊದಲು ಕೇಳುತ್ತಾರೆ. ವಾಸ್ತವವಾಗಿ ಅದು ಯಾವ ದಾರಿ ಎಂಬುದು ನಿಶ್ಚಯವಾದ ಮೇಲೆ ಬರತಕ್ಕದ್ದು. ಹಿಂದೆ ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸುತ್ತಿದ್ದರು. ೧೯೫೫ರಲ್ಲಿ ಬ್ಯೂನೊಕೋರ್ ಎನಾಮಲನ್ನು ಆಮ್ಲದಿಂದ ತರಿಮಾಡಿದರೆ ಅಂಟು ಹಿಡಿಯುವುದೆಂದು ಕಂಡುಹಿಡಿದ ಮೇಲೆ ಸಣ್ಣ ಗುಬುಟುಗಳನ್ನು ನೇರವಾಗಿ ಹಲ್ಲಿಗೆ ಅಂಟಿಸುವುದು ರೂಢಿಗೆ ಬಂದಿತು. ಕೋಲಾರದ ಕಡೆಯಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶದವರ ಕಂದುಗಟ್ಟಿದ ಎನಾಮಲಿಗೆ ಈ ಅಂಟು ಅಷ್ಟು ಭದ್ರವಾಗಿ ಹಿಡಿಯುವುದಿಲ್ಲ. ಅಲ್ಲಿ ವಿಶೇಷ ಎಚ್ಚರಿಕೆ ಬೇಕು. ನಿಕಲ್ ಟೈಟೇನಿಯಂ ಮಿಶ್ರಲೋಹದ ತಂತಿಯನ್ನು ಆಂಡ್ರಿಯಾಸನ್ ೧೯೭೧ರಲ್ಲಿ ದಂತಚಿಕಿತ್ಸೆಗೆ ತಂದದ್ದರಿಂದ ಹಗುರವಾದ ಬಲ ಬಹುದಿನ ಒಂದೇ ಸಮನಾಗಿ ದೊರಕುವಂತಾಯಿತು. ಹಲ್ಲಿನ ಬಣ್ಣದ ಗುಬುಟುಗಳೂ, ನಾಲಗೆಯ ಕಡೆಗೆ ಅಂಟಿಸುವ ಗುಬುಟುಗಳೂ ಉದ್ಯೋಗಸ್ಥರ ಸಂಕೋಚವನ್ನು ಕಳೆಯಲು ಬಂದವು. ವಯಸ್ಕರಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಒದಗಿದ್ದು ಎಲುಬಿಗೆ ಊರುವ ಒಂದೂವರೆ ಮಿಲಿಮೀಟರಿನಷ್ಟು ತೆಳ್ಳನೆಯ ಪುಟ್ಟ ತಿರುಪು. ಜಪಾನಿನ ಕನೋಮಿ ೧೯೯೭ರಲ್ಲಿ ಇದನ್ನು ವರದಿ ಮಾಡಿದರು. ಹಲ್ಲನ್ನು ಹಲ್ಲಿನಿಂದಲೇ ಎಳೆದರೆ ಹಗ್ಗಜಗ್ಗಾಟದಲ್ಲಿ ಎರಡು ಕಡೆಯವರೂ ಸರಿಯುವಂತೆ ಎರಡೂ ಸರಿಯುತ್ತವೆ. ತಿರುಪು ಗೂಟದಂತೆ ನಿಲ್ಲುತ್ತದೆ. ಹಿಂದಿನ ಹಲ್ಲುಗಳೇ ಹೋಗಿರುವ ವಯಸ್ಕನಿಗೆ ಇಂಥ ಗೂಟ ಎಷ್ಟು ಪ್ರಯೋಜನಕರವೆಂಬುದನ್ನು ವಿವರಿಸಬೇಕಾಗಿಲ್ಲ. ಇದರಿಂದ ಹಿಂದಿನ ಹಲ್ಲುಗಳನ್ನು ಮೇಲಕ್ಕೆ ತಳ್ಳಿ, ಶಸ್ತ್ರವಿಲ್ಲದೆಯೇ ಕೆಲವು ತೆರೆಕಚ್ಚುಗಳನ್ನು ಮುಚ್ಚಲೂ ಸಾಧ್ಯವಾಗಿದೆ.

ಪಾರದರ್ಶಕ ತಟ್ಟೆಗಳ ಕಲ್ಪನೆ ಹೊಸದಲ್ಲ. ಕೆಸ್ಲಿಂಗ್ ೧೯೪೫ರಲ್ಲಿಯೇ ಇದನ್ನು ಸೂಚಿಸಿದ್ದ. ಗಣಕಯಂತ್ರದಿಂದ ಪ್ರತಿಯೊಂದು ಹಂತವನ್ನೂ ಲೆಕ್ಕಹಾಕಿ ತಟ್ಟೆಗಳ ಸರಣಿಯನ್ನೇ ತಯಾರಿಸುವ ಅಲೈನ್ ಸಂಸ್ಥೆ ಅಮೆರಿಕದಲ್ಲಿ ೧೯೯೭ರಲ್ಲಿ ಸ್ಥಾಪನೆಯಾಯಿತು. ಒಂದೊಂದು ತಟ್ಟೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಬದಲಿಸಬೇಕು. ದಿನಕ್ಕೆ ಇಪ್ಪತ್ತೆರಡು ಗಂಟೆ ಧರಿಸಿರಬೇಕು. ಉಣ್ಣುವಾಗ ತೆಗೆದಿಟ್ಟು ಹಲ್ಲನ್ನು ಚೆನ್ನಾಗಿ ಉಜ್ಜಬಹುದಾದ್ದರಿಂದ ಒಸಡಿನ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ. ವಾಲಿದ ಹಲ್ಲನ್ನು ನೇರಮಾಡಲು, ಸಣ್ಣ ಸಂದಿಗಳನ್ನು ಮುಚ್ಚಲು ಇದು ಸಾಕು. ದುಂಡಗಿನ ಕೋರೆಹಲ್ಲನ್ನು ತಿರುಗಿಸುವುದರಲ್ಲಿ, ಕಿತ್ತ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲನ್ನು ಬೇರುಸಮೇತ ಸಾಗಿಸುವುದರಲ್ಲಿ ತಂತಿಯೇ ಇನ್ನೂ ಮೇಲು. ದೋಷ ತಟ್ಟೆಯಲ್ಲಿಲ್ಲ, ಪರೀಕ್ಷೆಯಿಲ್ಲದೆ ಅದನ್ನು ಅಂಚೆಯಲ್ಲಿ ಕಳುಹಿಸುವುದರಲ್ಲಿದೆ. ಹೀಗೆ ಮನೆಗೇ ಕಳುಹಿಸುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ ೨೦೨೩ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆ ಅರ್ಧಕ್ಕೆ ಬಂದಿದ್ದವರು ವೈದ್ಯರೂ ಇಲ್ಲದೆ ಮುಂದಿನ ತಟ್ಟೆಯೂ ಇಲ್ಲದೆ ಉಳಿದರು. ಕ್ಷಕಿರಣ ಚಿತ್ರವನ್ನೂ ಒಸಡಿನ ಆಳದ ಅಳತೆಯನ್ನೂ ತೆಗೆಯದೆ ವಯಸ್ಕನ ಹಲ್ಲಿನ ಮೇಲೆ ಯಾವ ಬಲವನ್ನೂ ಹೇರಬಾರದು. ಚಿಕಿತ್ಸೆ ತೊಡಗಿ ಆರು ತಿಂಗಳಾದ ಮೇಲೆ ಬೇರಿನ ತುದಿಗಳು ಮೊಟಕಾಗುತ್ತಿವೆಯೆ ಎಂದು ಮತ್ತೊಮ್ಮೆ ಚಿತ್ರ ತೆಗೆಯುವುದೂ ಅಗತ್ಯ.

ಪೂರ್ಣ ಚಿಕಿತ್ಸೆಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಆದರೆ ತಂತಿ ಬಿಚ್ಚಿದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಸರಿಸಿದ ಹಲ್ಲು ಹಿಂದಿನ ಜಾಗವನ್ನು ಮರೆತಿರುವುದಿಲ್ಲ. ನಾರ್ವೆಯ ರೈಟನ್ ತೋರಿಸಿದಂತೆ, ತಿರುಗಿಸಿದ ಹಲ್ಲಿನ ಕತ್ತಿನ ಸುತ್ತಲಿನ ಒಸಡಿನ ನಾರುಗಳು ಎಂಟು ತಿಂಗಳು ಹಿಡಿದಿಟ್ಟ ಮೇಲೂ ಹಿಗ್ಗಿದಂತೆಯೇ ಇದ್ದು ಹಲ್ಲನ್ನು ಹಿಂದಕ್ಕೆ ಸೆಳೆಯುತ್ತಿರುತ್ತವೆ. ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಮುಂದವಡೆ ಕಿತ್ತು ಚಿಕಿತ್ಸೆ ಪಡೆದವರನ್ನು ಹಿಡಿತದ ಸಾಧನ ತೆಗೆದು ಹತ್ತು ವರ್ಷಗಳಾದ ಮೇಲೆ ಪರೀಕ್ಷಿಸಿ ೧೯೮೧ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಬಾಚಿಗಳು ಮತ್ತೆ ಇಕ್ಕಟ್ಟಾಗಿದ್ದವು. ಬುದ್ಧಿಹಲ್ಲು ಒತ್ತಿದ್ದರಿಂದ ಹೀಗಾಯಿತೆಂಬ ಜನಪ್ರಿಯ ವಿವರಣೆಗೆ ಆಧಾರ ಸಾಲದು. ಚಿಕಿತ್ಸೆಯನ್ನೇ ಪಡೆಯದವರಲ್ಲಿಯೂ ವಯಸ್ಸಾದಂತೆ ಕೆಳಬಾಚಿಗಳು ತುಸು ಒತ್ತಾಗುತ್ತವೆ. ಎಲುಬು ತಗ್ಗಿದ ವಯಸ್ಕರಲ್ಲಿ ಈ ಅಪಾಯ ಮತ್ತೂ ಹೆಚ್ಚಾದ್ದರಿಂದ, ಕೆಳಗಿನ ಕೋರೆಯಿಂದ ಕೋರೆಗೆ ಹಲ್ಲಿನ ಹಿಂಬದಿಯಲ್ಲಿ ಸಣ್ಣ ತಂತಿಯೊಂದನ್ನು ಅಂಟಿಸಿ ಕಾಲಮಿತಿಯಿಲ್ಲದೆ ಉಳಿಸುವುದು, ಮೇಲಿನ ಸಾಲಿಗೆ ರಾತ್ರಿ ಧರಿಸುವ ತಟ್ಟೆ ಕೊಡುವುದು ಇಂದಿನ ಪದ್ಧತಿ. ಈ ತಂತಿಯ ಸುತ್ತ ಗಾರೆ ಬೇಗ ಕಟ್ಟುತ್ತದೆ. ವರ್ಷಕ್ಕೊಮ್ಮೆಯಾದರೂ ಶುಚಿಮಾಡಿಸಿ, ಪ್ರತಿ ಹಲ್ಲಿನ ಮೇಲಿನ ಅಂಟು ಬಿಗಿಯಾಗಿದೆಯೆ ಎಂದು ನೋಡಿಸಬೇಕು. ಒಂದೆರಡು ಹಲ್ಲಿನಲ್ಲಿ ಅಂಟು ಬಿಟ್ಟರೂ ತಂತಿ ಉಳಿದವುಗಳಿಗೆ ಹಿಡಿದುಕೊಂಡಿರುವುದರಿಂದ ರೋಗಿಗೆ ಗೊತ್ತಾಗದೆ ಹೋಗಬಹುದು; ಬಾಗಿದ ತಂತಿ ತಾನೇ ಹಲ್ಲನ್ನು ನೂಕಿ ಬೇರನ್ನು ಎಲುಬಿನ ಹೊರಕ್ಕೆ ತಂದ ಪ್ರಸಂಗಗಳೂ ವರದಿಯಾಗಿವೆ. ನಾಲಗೆಗೆ ತಂತಿಯ ತುದಿ ಚುಚ್ಚಿತೆಂದರೆ ಅದನ್ನು ಕಿತ್ತೆಸೆಯದೆ, ಆ ವಾರದಲ್ಲಿಯೇ ಬಂದು ತೋರಿಸತಕ್ಕದ್ದು.